ಸರ್ ಡಗ್ಲಸ್ ಬಾಡರ್ (1910–1982): ಕೃತಕ ಕಾಲುಗಳು ಮತ್ತು ಗಾಲ್ಫ್ ಕ್ರೀಡೆ

ಸೇವೆಯಲ್ಲಿರುವಾಗ ಅಂಗವಿಕಲರಾದ ಸೈನಿಕರ ಪುನರ್ವಸತಿಯಲ್ಲಿ ವೈದ್ಯಕೀಯ ಚಿಕಿತ್ಸೆ ಹಾಗೂ ಕೃತಕ ಅಂಗಗಳಷ್ಟೇ ಕ್ರೀಡೆಗೂ ಮಹತ್ವವಿದೆ. ಬ್ರಿಟನ್ನಿನ ವಾಯುಪಡೆಯ ಅಧಿಕಾರಿ ಸರ್ ಡಗ್ಲಸ್ ಬಾಡರ್ ಅವರ ಜೀವನವು ಇದಕ್ಕೆ ನಿದರ್ಶನವಾಗಿದೆ.

ಜನನ ಮತ್ತು ಅಪಘಾತ:
ಬಾಡರ್ ಅವರು 1910ರ ಫೆಬ್ರವರಿ 21ರಂದು ಲಂಡನ್ನಿನಲ್ಲಿ ಜನಿಸಿದರು. ಕ್ರಾನ್‌ವೆಲ್‌ನ ವಾಯುಪಡೆ ಕಾಲೇಜಿನಲ್ಲಿ ತರಬೇತಿ ಪಡೆದು 1930ರಲ್ಲಿ ಅಧಿಕಾರಿಯಾದರು. ರಗ್ಬಿ ಮತ್ತು ಕ್ರಿಕೆಟ್‌ಗಳಲ್ಲಿ ನುರಿತ ಆಟಗಾರರಾಗಿದ್ದರು. 1931ರ ಡಿಸೆಂಬರ್ 14ರಂದು ರೆಡಿಂಗ್ ಸಮೀಪದ ವುಡ್ಲಿಯಲ್ಲಿ, ನೆಲಕ್ಕೆ ತೀರ ಸಮೀಪವಾಗಿ ಸಾಹಸ ಹಾರಾಟ ನಡೆಸುತ್ತಿದ್ದಾಗ ಅವರ ವಿಮಾನವು ಅಪಘಾತಕ್ಕೀಡಾಯಿತು. ಬಲಗಾಲನ್ನು ಮಂಡಿಯ ಮೇಲೆ, ಎಡಗಾಲನ್ನು ಮಂಡಿಯ ಕೆಳಗೆ ಕತ್ತರಿಸಬೇಕಾಯಿತು. ಆಗ ಅವರ ವಯಸ್ಸು 21.

ಸೇವೆಯಿಂದ ನಿವೃತ್ತಿ:
1932ರಲ್ಲಿ ಅವರಿಗೆ ಹಗುರ ಲೋಹದ ಕೃತಕ ಕಾಲುಗಳನ್ನು ಅಳವಡಿಸಲಾಯಿತು. ಅವರು ಊರುಗೋಲಿಲ್ಲದೆ ನಡೆಯಲು ಕಲಿತರು. ಹಾರಾಟದ ಪರೀಕ್ಷೆಯಲ್ಲಿಯೂ ಸಾಮರ್ಥ್ಯ ತೋರಿದರು. ಆದರೆ ನಿಯಮಾವಳಿಯಲ್ಲಿ ಇಂತಹ ಪ್ರಕರಣಕ್ಕೆ ಅವಕಾಶವಿಲ್ಲವೆಂಬ ಕಾರಣದಿಂದ 1933ರಲ್ಲಿ ಅವರನ್ನು ನಿವೃತ್ತಿಗೊಳಿಸಲಾಯಿತು. ತರುವಾಯ ಪೆಟ್ರೋಲಿಯಂ ಕಂಪನಿಯೊಂದರ ಕಚೇರಿಯಲ್ಲಿ ಉದ್ಯೋಗಕ್ಕೆ ಸೇರಿದರು.

ಗಾಲ್ಫ್ ಅಭ್ಯಾಸ:
ರಗ್ಬಿ ಆಡಲು ಸಾಧ್ಯವಾಗದ ಅವರು ಗಾಲ್ಫ್ ಆಟವನ್ನು ಆರಿಸಿಕೊಂಡರು. ದಾಂಡು ಬೀಸುವಾಗ ಸೊಂಟವು ತಿರುಗುತ್ತದೆ. ಅದನ್ನು ತಾಳಿಕೊಳ್ಳಲು ಬೇಕಾದ ಬಲಮಂಡಿಯಾಗಲಿ, ಪಾದಗಳಾಗಲಿ ಅವರಿಗಿರಲಿಲ್ಲ. ಆದ್ದರಿಂದ ಆರಂಭದಲ್ಲಿ ಹೊಡೆದಾಗಲೆಲ್ಲ ಬೀಳುತ್ತಿದ್ದರು. ಸತತ ಅಭ್ಯಾಸದಿಂದ ಸಮತೋಲನವನ್ನು ಸಾಧಿಸಿದರು. ಮೊದಲು ಕೆಲವೇ ಗುಳಿಗಳವರೆಗೆ ಆಡಿ, ಕ್ರಮೇಣ ಹದಿನೆಂಟು ಗುಳಿಗಳ ಪೂರ್ಣ ಆಟವನ್ನು ಉಬ್ಬುತಗ್ಗಿನ ಮೈದಾನದಲ್ಲಿ ನಡೆದೇ ಮುಗಿಸುವಂತಾದರು. ಚಿಕಿತ್ಸೆಯು ನಡಿಗೆಯನ್ನು ಕಲಿಸಿದರೆ, ಆಟವು ಬಹುದೂರ ನಡೆಯುವ ಶಕ್ತಿಯನ್ನು ನೀಡಿತು.

ಮರುಸೇವೆ ಮತ್ತು ಸಮಾಜಸೇವೆ:
ಎರಡನೆಯ ಮಹಾಯುದ್ಧ ಆರಂಭವಾದಾಗ, 1939ರಲ್ಲಿ ಅವರನ್ನು ಪುನಃ ಸೇವೆಗೆ ತೆಗೆದುಕೊಳ್ಳಲಾಯಿತು. 1940ರ ಬ್ರಿಟನ್ ವಾಯುಕದನದಲ್ಲಿ 242ನೆಯ ಸ್ಕ್ವಾಡ್ರನ್‌ನ ನೇತೃತ್ವ ವಹಿಸಿದ್ದರು. 1941ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನಲ್ಲಿ ಜರ್ಮನ್ನರಿಗೆ ಸೆರೆಸಿಕ್ಕಿ, 1945ರಲ್ಲಿ ಬಿಡುಗಡೆ ಹೊಂದಿದರು. ಯುದ್ಧಾನಂತರ ಕೈಕಾಲು ಕಳೆದುಕೊಂಡ ಸೈನಿಕರನ್ನೂ ಮಕ್ಕಳನ್ನೂ ಭೇಟಿ ಮಾಡಿ ಧೈರ್ಯ ತುಂಬಿದರು. ಗಾಲ್ಫ್ ಆಟವನ್ನೂ ಮುಂದುವರಿಸಿದರು. ವಿಕಲಚೇತನರಿಗೆ ಸಲ್ಲಿಸಿದ ಸೇವೆಗಾಗಿ 1976ರಲ್ಲಿ ಅವರಿಗೆ ಸರ್ ಪದವಿ ನೀಡಲಾಯಿತು. 1982ರ ಸೆಪ್ಟೆಂಬರ್ 5ರಂದು ನಿಧನ ಹೊಂದಿದರು.

ಇಂದು ಕಾಲಿಲ್ಲದ ಆಟಗಾರರನ್ನು ನಿಂತ ಭಂಗಿಗೆ ಎತ್ತಿ ಹಿಡಿಯುವ ವಾಹನಗಳು ಬಳಕೆಯಲ್ಲಿವೆ. 2023ರಿಂದ ಜಾರಿಗೆ ಬಂದ ಗಾಲ್ಫ್ ನಿಯಮಾವಳಿಯ 25ನೆಯ ನಿಯಮವು ಅಂಗಚ್ಛೇದನಕ್ಕೆ ಒಳಗಾದವರೂ ಸೇರಿದಂತೆ ವಿಕಲಚೇತನ ಆಟಗಾರರಿಗೆ ಅಗತ್ಯವಾದ ಮಾರ್ಪಾಡುಗಳನ್ನು ಒದಗಿಸುತ್ತದೆ. 1933ರಲ್ಲಿ ನಿಯಮಾವಳಿಯಲ್ಲಿ ಸ್ಥಾನವಿಲ್ಲವೆಂದು ಬಾಡರ್ ಅವರನ್ನು ಸೇವೆಯಿಂದ ಹೊರಗಿಡಲಾಗಿತ್ತು. ಅವರು ಆರಿಸಿಕೊಂಡ ಆಟದ ನಿಯಮಾವಳಿಯಲ್ಲಿ ಅವರಂತಹವರಿಗೆ ಈಗ ಸ್ಥಾನ ದೊರೆತಿದೆ.