ಉಂಗುರದ ನೆರಳು ಹಿಡಿದ ವೈನು ಬಾಪು



ನಮ್ಮ ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಶನಿಗ್ರಹದ ದೊಡ್ಡ ಚಿತ್ರಪಟ ಇರುವುದು ನಿಮಗೆಲ್ಲಾ ಗೊತ್ತು. ಗ್ರಹದ ಸುತ್ತ ಉಂಗುರ, ಪಕ್ಕದಲ್ಲಿ ಬೆಳ್ಳಗೆ ಹೊಳೆಯುವ ಮಂಜುಗಡ್ಡೆಯ ಚಂದ್ರರು. ವಾಯೇಜರ್, ಕ್ಯಾಸಿನಿ ಎಂಬ ಗಗನನೌಕೆಗಳು ಹತ್ತಿರ ಹೋಗಿ ತೆಗೆದ ಫೋಟೋಗಳು ಅವು. ಅದನ್ನು ನೋಡಿದವರು ಕೇಳುವ ಪ್ರಶ್ನೆ ಒಂದೇ. ನಮ್ಮ ದೇಶದವರು ಇಂಥದ್ದೇನೂ ಕಂಡುಹಿಡಿದಿಲ್ವಾ ಅಂತ. ಯಾಕಿಲ್ಲ? ದೂರದ ಗ್ರಹದ ಉಂಗುರವನ್ನು ನೆಲದ ಮೇಲೆ ನಿಂತೇ, ಅದರ ನೆರಳಿನಿಂದ ಗುರುತಿಸಿದವರು ನಮ್ಮಲ್ಲೂ ಇದ್ದಾರೆ. ಅದಕ್ಕೆ ಬೇಕಾದ ವೀಕ್ಷಣಾಲಯವನ್ನು ಕಾಡಿನ ನಡುವೆ ಕಟ್ಟಿದವರು ಡಾ. ವೈನು ಬಾಪು. ಅವರ ಬಗ್ಗೆ ನಾನು ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಬಾಲ್ಯ ಮತ್ತು ಓದು

ಅವರ ಪೂರ್ತಿ ಹೆಸರು ಮನಾಲಿ ಕಲ್ಲಾಟ್ ವೈನು ಬಾಪು. ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದ್ರಾಸಿನಲ್ಲಿ. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದರು. ಹಾಗಾಗಿ ನಮಗೆ ಗೋಲಿ, ಬುಗುರಿ ಹೇಗೋ ಈ ಹುಡುಗನಿಗೆ ದೂರದರ್ಶಕ ಹಾಗೆ ಅಂತ ಕಾಣುತ್ತೆ! ಕಾಲೇಜಿನಲ್ಲಿ ಓದುವಾಗಲೇ, ಬೆಳಕು ಹೆಚ್ಚುಕಡಿಮೆ ಆಗುವ ನಕ್ಷತ್ರಗಳನ್ನು ನೋಡಿ ಬರೆದ ಲೇಖನಗಳು ಅಚ್ಚಾಗಿದ್ದವು.

1949ರಲ್ಲಿ ವಿದ್ಯಾರ್ಥಿವೇತನ ಪಡೆದು ಅಮೆರಿಕಾದ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದರು. ಆಗ ಆಕಾಶದ ಫೋಟೋಗಳನ್ನು ಗಾಜಿನ ಫಲಕದ ಮೇಲೆ ತೆಗೆಯುತ್ತಿದ್ದರು. ಅದೇ ವರ್ಷ ಜುಲೈ ತಿಂಗಳಲ್ಲಿ ಅಂಥ ಒಂದು ಫಲಕದಲ್ಲಿ ಬಾಪು ಅವರಿಗೆ ಹೊಸ ಧೂಮಕೇತು ಕಾಣಿಸಿತು! ಅವರ ಜೊತೆ ಬಾರ್ಟ್ ಬಾಕ್ ಮತ್ತು ಗಾರ್ಡನ್ ನ್ಯೂಕಿರ್ಕ್ ಎಂಬುವರೂ ಇದ್ದರು. ಆದ್ದರಿಂದ ಅದಕ್ಕೆ ಬಾಪು-ಬಾಕ್-ನ್ಯೂಕಿರ್ಕ್ ಧೂಮಕೇತು ಎಂದೇ ಹೆಸರಾಯಿತು. ಆಗ ಅವರಿಗೆ ಇನ್ನೂ 22 ತುಂಬಿರಲಿಲ್ಲ.

1952ರಲ್ಲಿ ಡಾಕ್ಟರೇಟ್ ಮುಗಿಯಿತು. ಆಮೇಲೆ ಓಲಿನ್ ವಿಲ್ಸನ್ ಎಂಬ ವಿಜ್ಞಾನಿಯ ಜೊತೆ ಕೆಲಸ ಮಾಡಿದರು. ಕೆಲವು ಜಾತಿಯ ನಕ್ಷತ್ರಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದರೆ, ಕ್ಯಾಲ್ಸಿಯಂನಿಂದ ಬರುವ ಒಂದು ಗೆರೆ ಸಿಗುತ್ತದೆ. ಆ ಗೆರೆ ಎಷ್ಟು ಅಗಲ ಇದೆ ಎನ್ನುವುದರಿಂದಲೇ ನಕ್ಷತ್ರದ ನಿಜವಾದ ಪ್ರಕಾಶ ಎಷ್ಟು ಅಂತ ಹೇಳಬಹುದು. ಪ್ರಕಾಶ ತಿಳಿದರೆ ದೂರವೂ ತಿಳಿಯುತ್ತದೆ. 1957ರಲ್ಲಿ ಪ್ರಕಟವಾದ ಇದನ್ನು ಪ್ರಪಂಚದಾದ್ಯಂತ ಇವತ್ತಿಗೂ ವಿಲ್ಸನ್-ಬಾಪು ಪರಿಣಾಮ ಅಂತಲೇ ಕರೀತಾರೆ.

ಕಾಡಿನಲ್ಲೊಂದು ವೀಕ್ಷಣಾಲಯ

ಅಮೆರಿಕಾದಲ್ಲಿ ಪ್ರಪಂಚದ ದೊಡ್ಡ ದೂರದರ್ಶಕಗಳೇ ಇದ್ದವು. ಅಲ್ಲೇ ಇದ್ದುಬಿಡಬಹುದಿತ್ತು. ಆದರೂ ಬಾಪು ಅವರು 1953ರಲ್ಲಿ ಭಾರತಕ್ಕೆ ವಾಪಸ್ ಬಂದರು. ಆಗ ನಮ್ಮಲ್ಲಿ ಹೇಳಿಕೊಳ್ಳುವಂಥ ದೊಡ್ಡ ದೂರದರ್ಶಕ ಇರಲಿಲ್ಲ. ಮೊದಲು ಉತ್ತರ ಪ್ರದೇಶದಲ್ಲಿ ವೀಕ್ಷಣಾಲಯ ಕಟ್ಟಿ ಬೆಳೆಸಿದರು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಅದು ಸೂರ್ಯನನ್ನು ನೋಡಲು ಹೆಸರಾದ ಹಳೆಯ ಜಾಗ. ನಕ್ಷತ್ರ ನೋಡಲು ಮಾತ್ರ ಬೇರೆ ಜಾಗವೇ ಬೇಕು ಎನ್ನಿಸಿತು.

ಹುಡುಕಿ ಹುಡುಕಿ ಕೊನೆಗೆ ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿ ಕಾವಲೂರು ಎಂಬ ಹಳ್ಳಿಯ ಬಳಿ ಜಾಗ ಆರಿಸಿದರು. ಬೆಂಗಳೂರಿನಿಂದ ಸುಮಾರು 175 ಕಿಲೋಮೀಟರ್. ಸುತ್ತ ಕಾಡು, ಪಟ್ಟಣದ ದೀಪದ ಕಾಟ ಇಲ್ಲ. ಭೂಮಧ್ಯರೇಖೆಗೆ ಹತ್ತಿರ ಇರುವುದರಿಂದ ಉತ್ತರದ ನಕ್ಷತ್ರಗಳೂ ಕಾಣುತ್ತವೆ, ದಕ್ಷಿಣದವೂ ಕಾಣುತ್ತವೆ. ಅಲ್ಲಿ 1968ರಲ್ಲಿ ಕೆಲಸ ಶುರುವಾಯಿತು. ಮೊದಲ ದೂರದರ್ಶಕ 38 ಸೆಂಟಿಮೀಟರಿನದು. ಅದನ್ನು ತಮ್ಮದೇ ಕಾರ್ಯಾಗಾರದಲ್ಲಿ ತಯಾರು ಮಾಡಿದ್ದರು! 1972ರಲ್ಲಿ 1 ಮೀಟರಿನ ದೂರದರ್ಶಕ ಬಂತು. ಇದರ ಮಧ್ಯೆ 1971ರಲ್ಲಿ ಭಾರತೀಯ ಖಭೌತ ಸಂಸ್ಥೆ ಆರಂಭವಾಗಿ ಬಾಪು ಅವರೇ ಮೊದಲ ನಿರ್ದೇಶಕರಾದರು. ಅದರ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನ ಕೋರಮಂಗಲದಲ್ಲಿದೆ.

ನೆರಳು ಹಿಡಿಯೋದು ಹೇಗೆ?

ಒಂದು ಸಣ್ಣ ಪ್ರಯೋಗ ಮಾಡಿ. ರಾತ್ರಿ ದೂರದಲ್ಲಿ ಒಂದು ಟಾರ್ಚ್ ಹಚ್ಚಿಡಿ. ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನ ಮುಂದೆ ಅಮ್ಮನ ಬಳೆಯನ್ನು ನಿಧಾನವಾಗಿ ಎಡದಿಂದ ಬಲಕ್ಕೆ ಸರಿಸಿ. ಬೆಳಕು ಒಮ್ಮೆ ಕುಗ್ಗುತ್ತೆ, ಮತ್ತೆ ಬರುತ್ತೆ, ಮತ್ತೊಮ್ಮೆ ಕುಗ್ಗುತ್ತೆ. ಬಳೆಯ ಎರಡು ಪಕ್ಕ, ಎರಡು ಸಲ. ಕತ್ತಲಲ್ಲಿ ಬಳೆ ಕಾಣದಿದ್ದರೂ ಅಲ್ಲಿ ಬಳೆ ಇದೆ ಅಂತ ಹೇಳಬಹುದು, ಅಲ್ವಾ? ಗ್ರಹವೋ ಚಂದ್ರನೋ ಒಂದು ನಕ್ಷತ್ರಕ್ಕೆ ಅಡ್ಡ ಬರುವಾಗ ವಿಜ್ಞಾನಿಗಳು ಮಾಡುವುದೂ ಇದನ್ನೇ. ನಕ್ಷತ್ರದ ಬೆಳಕನ್ನು ಕ್ಷಣ ಕ್ಷಣವೂ ಅಳೆದು ಕಾಗದದ ಮೇಲೆ ಗೆರೆಯಾಗಿ ದಾಖಲು ಮಾಡುತ್ತಾರೆ.

1972ರ ಜೂನ್ 7ರಂದು ಗುರುಗ್ರಹದ ಮಂಜುಗಡ್ಡೆ ಚಂದ್ರ ಗ್ಯಾನಿಮೀಡ್ ಒಂದು ನಕ್ಷತ್ರಕ್ಕೆ ಅಡ್ಡ ಬಂತು. ಕಾವಲೂರಿನಿಂದಲೂ ಇಂಡೋನೇಷ್ಯಾದಿಂದಲೂ ಅದನ್ನು ನೋಡಿದರು. ಗ್ಯಾನಿಮೀಡ್ ಸುತ್ತ ತೆಳುವಾದ ಗಾಳಿ ಇದೆ ಎಂಬ ತೀರ್ಮಾನಕ್ಕೆ ಬಂದರು. 1979ರಲ್ಲಿ ವಾಯೇಜರ್ ಹತ್ತಿರ ಹೋಗಿ ಅಳೆದಾಗ, ಆ ಗಾಳಿ ಅವರು ಎಣಿಸಿದ್ದಕ್ಕಿಂತ ಬಹಳ ಬಹಳ ಕಡಿಮೆ ಎಂದು ತಿಳಿಯಿತು.

ಇನ್ನು 1977ರ ಮಾರ್ಚ್ 10. ಅದಕ್ಕೆ ಎರಡೇ ವರ್ಷ ಹಿಂದೆ, 1975ರಲ್ಲಿ, ಯಶವಂತಪುರದ ಆಚೆ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ ನಮ್ಮ ಮೊದಲ ಉಪಗ್ರಹ ಆರ್ಯಭಟ ರಷ್ಯಾದ ರಾಕೆಟ್‌ನಲ್ಲಿ ಹಾರಿತ್ತು. ದೂರದ ಗ್ರಹಕ್ಕೆ ನೌಕೆ ಕಳಿಸೋದು ಆಗ ನಮಗೆ ಕನಸಿನ ಮಾತು. ಅಂಥ ಕಾಲದಲ್ಲಿ ಯುರೇನಸ್ ಗ್ರಹ ಒಂದು ನಕ್ಷತ್ರದ ದಾರಿಗೆ ಬಂತು. ಕಾವಲೂರಿನ 1 ಮೀಟರ್ ದೂರದರ್ಶಕದಲ್ಲಿ ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಕಾದು ಕೂತಿದ್ದರು. ಗ್ರಹ ಇನ್ನೂ ದೂರ ಇರುವಾಗಲೇ ನಕ್ಷತ್ರದ ಬೆಳಕು ಕೆಲವು ಸೆಕೆಂಡು ಕುಗ್ಗಿ ಮತ್ತೆ ಮೊದಲಿನಂತಾಯಿತು!

ಇದು ಯುರೇನಸ್ಸಿನ ಹೊಸ ಚಂದ್ರ ಇರಬೇಕು ಎಂದು ಅವರು ಮೊದಲು ಬರೆದರು. ಅದೇ ರಾತ್ರಿ ವಿಮಾನದಲ್ಲಿ ದೂರದರ್ಶಕ ಇಟ್ಟುಕೊಂಡು ಹಿಂದೂ ಮಹಾಸಾಗರದ ಮೇಲೆ ಹಾರಿದ್ದ ಅಮೆರಿಕಾದವರಿಗೆ, ಗ್ರಹದ ಎರಡು ಪಕ್ಕದಲ್ಲೂ ಬೆಳಕು ಹಲವು ಸಲ ಕುಗ್ಗಿದ್ದು ಕಂಡಿತ್ತು. ನಮ್ಮ ಬಳೆಯ ಹಾಗೆ! ಅದು ಚಂದ್ರ ಅಲ್ಲ, ಉಂಗುರಗಳು ಅಂತ ಗೊತ್ತಾಯಿತು. ಭಟ್ಟಾಚಾರ್ಯ ಅವರು ಬಾಪು ಅವರ ಜೊತೆ ಸೇರಿ ಕಾವಲೂರಿನ ದಾಖಲೆಯನ್ನು ಪುನಃ ಪರೀಕ್ಷಿಸಿದರು. ಯುರೇನಸ್‌ಗೂ ಶನಿಯಂತೆ ಉಂಗುರ ಇದೆ ಎಂದು ಅದೇ ವರ್ಷ ಪ್ರಕಟಿಸಿದರು. ಅಲ್ಲಿಯವರೆಗೆ ಉಂಗುರ ಇರುವ ಗ್ರಹ ಅಂದರೆ ಶನಿ ಒಂದೇ ಆಗಿತ್ತು.

ನೋಡದೇ ಹೋದ ಎರಡು ದೃಶ್ಯ

ಬಾಪು ಅವರ ದೊಡ್ಡ ಆಸೆ ಇನ್ನೊಂದಿತ್ತು. 2.34 ಮೀಟರ್ ಅಗಲದ ಕನ್ನಡಿ ಇರುವ ದೂರದರ್ಶಕವನ್ನು ಭಾರತದಲ್ಲೇ ಮಾಡಬೇಕು ಅಂತ. ಹೊರದೇಶದಿಂದ ಪೂರ್ತಿ ತಯಾರಾದದ್ದನ್ನು ತರಿಸುವುದು ಸುಲಭ. ಆದರೆ ಕಲಿತಂತಾಗುವುದಿಲ್ಲವಲ್ಲ! ಕನ್ನಡಿಯನ್ನು ಉಜ್ಜಿ ಉಜ್ಜಿ ಹದಕ್ಕೆ ತರುವ ಕೆಲಸವನ್ನು ಅವರ ಸಂಸ್ಥೆಯಲ್ಲೇ ಕೈಗೊಂಡರು. ವರ್ಷಗಟ್ಟಲೆ ಹಿಡಿಯಿತು.

1979ರಲ್ಲಿ ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು. 1981ರಲ್ಲಿ ಪದ್ಮಭೂಷಣ ಬಂತು. ವಾಯೇಜರ್ ನೌಕೆಗಳು ಶನಿಯ ಉಂಗುರದ ಫೋಟೋ ಕಳಿಸಿದ್ದೂ ಅದೇ ಸಮಯದಲ್ಲಿ, 1980 ಮತ್ತು 1981ರಲ್ಲಿ. 1982ರ ಆಗಸ್ಟ್‌ನಲ್ಲಿ ಗ್ರೀಸ್ ದೇಶದಲ್ಲಿ ಒಕ್ಕೂಟದ ಮಹಾಸಭೆ. ಅಧ್ಯಕ್ಷರೇ ಅಲ್ಲಿ ಇರಲಿಲ್ಲ. ಹೃದಯದ ಶಸ್ತ್ರಚಿಕಿತ್ಸೆಯಾಗಿ ಜರ್ಮನಿಯ ಮ್ಯೂನಿಕ್‌ನಲ್ಲಿದ್ದ ಬಾಪು ಅವರು, ಸಭೆ ನಡೆಯುತ್ತಿರುವಾಗಲೇ ಆಗಸ್ಟ್ 19ರಂದು ತೀರಿಕೊಂಡರು. ಬರೀ 55 ವರ್ಷ.

ಅವರಿಲ್ಲ ಅಂತ ಕೆಲಸ ನಿಲ್ಲಲಿಲ್ಲ. ಭಟ್ಟಾಚಾರ್ಯ ಅವರು ಮುಂದಿನ ನಿರ್ದೇಶಕರಾಗಿ ಅದನ್ನು ಪೂರೈಸಿದರು. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿ ಅವರು ಕಾವಲೂರಿಗೆ ಬಂದು ವೀಕ್ಷಣಾಲಯಕ್ಕೂ ದೊಡ್ಡ ದೂರದರ್ಶಕಕ್ಕೂ ವೈನು ಬಾಪು ಎಂದು ಹೆಸರಿಟ್ಟರು. ಅದಾಗಿ ಹದಿನೆಂಟೇ ದಿನಕ್ಕೆ, ಜನವರಿ 24ರಂದು, ವಾಯೇಜರ್-2 ಯುರೇನಸ್ ಹತ್ತಿರ ಹಾದುಹೋಯಿತು. 1977ರಲ್ಲಿ ನೆರಳಾಗಿ ಸಿಕ್ಕಿದ ಉಂಗುರಗಳು ಫೋಟೋದಲ್ಲಿ ನಿಜವಾಗಿಯೂ ಮೂಡಿದವು. ಶನಿಯದರಷ್ಟು ಅಗಲ ಇಲ್ಲ, ದಾರದಂತೆ ಸಣ್ಣ, ಇದ್ದಿಲಿನಂತೆ ಕಪ್ಪು. ಜೊತೆಗೆ ಹತ್ತು ಹೊಸ ಚಂದ್ರರು. ಈ ಎರಡನ್ನೂ ನೋಡಲು ಬಾಪು ಅವರು ಇರಲಿಲ್ಲ. ಇದನ್ನು ಓದಿದಾಗ ನನಗೆ ತುಂಬಾ ಬೇಜಾರಾಯಿತು.

ಆದರೂ ನನಗೆ ಅನಿಸುವುದು ಇಷ್ಟು. ತಾನೇ ಹಣ್ಣು ತಿನ್ನಬೇಕೆಂದು ಯಾರೂ ಹುಣಿಸೆ ಸಸಿ ನೆಡುವುದಿಲ್ಲ. ಕಾವಲೂರೂ ಹಾಗೆಯೇ. ಅಲ್ಲಿ ಇವತ್ತಿಗೂ ರಾತ್ರಿ ಆಕಾಶ ನೋಡುವ ಕೆಲಸ ನಡೆದಿದೆ.

ಮಿತ್ರರೇ, ಯಲಹಂಕ, ಹೆಬ್ಬಾಳದ ಕಡೆಯ ದೀಪಗಳಿಂದ ನಮ್ಮೂರಲ್ಲಿ ಸಣ್ಣ ನಕ್ಷತ್ರಗಳು ಈಗ ಕಾಣುವುದಿಲ್ಲ. ಆದರೆ ಶನಿ ಬರಿಗಣ್ಣಿಗೇ ಕಾಣುತ್ತೆ, ಮಿನುಗದ ಹಳದಿ ಚುಕ್ಕೆಯ ಹಾಗೆ. ಪಂಚಾಂಗದಲ್ಲಿ ಶನಿ ಯಾವ ರಾಶಿಯಲ್ಲಿದೆ ಅಂತ ನೋಡಿಕೊಂಡು ಹುಡುಕಿ. ಶನಿ ಅಂದರೆ ಹೆದರಬೇಡಿ! ಮೊದಲು ಕಂಡುಹಿಡಿದವರು ತಾರೀಖು, ಗಂಟೆ ಬರೆದು ಈ ಗೋಡೆ ಪತ್ರಿಕೆಗೆ ಕೊಡಿ. ಮುಂದಿನ ಸಂಚಿಕೆಯಲ್ಲಿ ಹಾಕೋಣ.