ವಿಕ್ಟರಿ ಹಡಗಿನ ನೆಲ್ಸನ್

ಕಡಲನ್ನೇ ಕಾಣದ ನಾನು ಹಡಗಿನ ವಿಷಯ ಬರೆಯಹೊರಟದ್ದು ಕೆಲವರಿಗೆ ನಗೆ ತರಿಸಬಹುದು. ಆದರೆ ನಮ್ಮೂರಿನಿಂದ ಶ್ರೀರಂಗಪಟ್ಟಣದ ಕೋಟೆ ಮೂರೇ ಮೈಲಿ. ಆ ಕೋಟೆ ಬಿದ್ದ ಕಥೆಯನ್ನು ಓದುತ್ತ ಹೋದಾಗಲೇ ಈ ಹಡಗಿನವನು ನನಗೆ ಸಿಕ್ಕಿದ್ದು.

ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಲ್ಲಿ ವಿಕ್ಟರಿ ಎಂಬ ಹಾಯಿಹಡಗು 1922ರಿಂದ ನೀರಿಲ್ಲದ ಕಟ್ಟೆಯೊಳಗೆ ನಿಂತಿದೆ. ಅದು ನೀರಿಗಿಳಿದದ್ದು 1765ರಲ್ಲಿ. ಕಟ್ಟಲು ಸುಮಾರು 6,000 ಮರಗಳು ಬೇಕಾದುವು. ಶಿಥಿಲವಾಗಿದ್ದ ಅದನ್ನು ದುರಸ್ತಿಮಾಡಿ 1805ರ ರೂಪಕ್ಕೆ ತಂದಿದ್ದಾರೆ. ನೋಡಹೋದವರು ತೊಲೆಗಳಿಗೆ ತಲೆ ತಾಗದಂತೆ ಬಗ್ಗಿ ನಡೆಯಬೇಕಂತೆ. ಮೇಲಟ್ಟದಲ್ಲೊಂದು ಹಿತ್ತಾಳೆಯ ಫಲಕ: ನೆಲ್ಸನ್ ಗುಂಡೇಟಿನಿಂದ ಕುಸಿದ ಜಾಗ. ಅವನು ಪ್ರಾಣಬಿಟ್ಟದ್ದು ಕೆಳಗಿನ ಕತ್ತಲ ಅಂತಸ್ತಿನಲ್ಲಿ.

ಹೊರೇಷಿಯೊ ನೆಲ್ಸನ್ 1758ರಲ್ಲಿ ನಾರ್ಫಕ್ ಪ್ರಾಂತದ ಹಳ್ಳಿಯ ಪಾದರಿಯೊಬ್ಬನ ಮಗನಾಗಿ ಹುಟ್ಟಿದನು. ಮನೆತುಂಬ ಮಕ್ಕಳು. ಒಂಬತ್ತು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ಹನ್ನೆರಡಕ್ಕೆ ಸೋದರಮಾವನ ಹಡಗು ಸೇರಿದನು. ಮೈ ದುರ್ಬಲ. ಕಡಲೇರಿದಾಗ ಬರುವ ವಾಂತಿ ಕೊನೆಯವರೆಗೂ ಅವನನ್ನು ಬಿಡಲಿಲ್ಲ. ಎಳೆಯ ವಯಸ್ಸಿನಲ್ಲೇ ನಮ್ಮ ದೇಶದ ಕಡಲಿಗೂ ಬಂದು, ಜ್ವರ ಹತ್ತಿ, 1776ರಲ್ಲಿ ಅರೆಜೀವವಾಗಿ ಹಿಂದಿರುಗಿದನು. 1794ರಲ್ಲಿ ಕಾರ್ಸಿಕದಲ್ಲಿ ಬಲಗಣ್ಣಿನ ದೃಷ್ಟಿ, 1797ರಲ್ಲಿ ಟೆನರೀಫಿನಲ್ಲಿ ಬಲಗೈ ಹೋದುವು. ಎಮ್ಮಾ ಹ್ಯಾಮಿಲ್ಟನ್ನಳ ಪ್ರಕರಣವನ್ನು ಎಲ್ಲರೂ ಬಲ್ಲರು, ಅದನ್ನು ಬಿಡೋಣ.

ನಮಗೆ ಸಂಬಂಧಿಸಿದ್ದು 1798ರ ಸಂಗತಿ. ಆ ವರ್ಷ ನೆಪೋಲಿಯನ್ ಲೋರಿಯಾಂ ಎಂಬ ಭಾರಿ ಹಡಗನ್ನೇರಿ ಈಜಿಪ್ಟಿಗೆ ಬಂದಿಳಿದನು. ಇತ್ತ ಟಿಪ್ಪೂ ಸುಲ್ತಾನನು ಫ್ರೆಂಚರ ನೆರವಿಗೆ ಕಾದಿದ್ದನು. ಆಗಸ್ಟ್ 1ರ ಸಂಜೆ ನೈಲ್ ನದಿಯ ಮುಖದ ಬಳಿ ಲಂಗರು ಹಾಕಿದ್ದ ಫ್ರೆಂಚ್ ನೌಕಾಪಡೆಯ ಮೇಲೆ ನೆಲ್ಸನ್ ಎರಗಿದನು. ದಡದ ಕಡೆಯಿಂದ ವೈರಿ ಬರಲಾರನೆಂದು ಫ್ರೆಂಚರು ನಂಬಿದ್ದರು. ಅವನ ಕೆಲವು ಹಡಗುಗಳು ಆ ಇಕ್ಕಟ್ಟಿನ ನೀರಿನಲ್ಲೇ ನುಸುಳಿದುವು. ರಾತ್ರಿ ಲೋರಿಯಾಂ ಸಿಡಿದು ಚೂರಾಯಿತು. 13 ದೊಡ್ಡ ಯುದ್ಧನೌಕೆಗಳಲ್ಲಿ ತಪ್ಪಿಸಿಕೊಂಡವು ಎರಡೇ. ನೆಲ್ಸನ್ ಭೂಮಾರ್ಗವಾಗಿ ಮುಂಬಯಿಗೆ ಸುದ್ದಿ ಕಳಿಸಿದನು. 1799ರ ಮೇ 4ರಂದು, ಫ್ರೆಂಚರ ನೆರವು ಬಾರದೆಯೇ, ಶ್ರೀರಂಗಪಟ್ಟಣ ಬಿತ್ತು. ನೈಲಿನ ಗೆಲುವಿಗಾಗಿ ಕಂಪನಿಯವರು ನೆಲ್ಸನ್ನನಿಗೆ 10,000 ಪೌಂಡು ಕೊಟ್ಟರು. ಆ ಹಣದ ಮಾತು ಓದಿದಾಗ ನನ್ನ ಮನಸ್ಸು ಕಹಿಯಾಯಿತು. ಆದರೂ ಒಂಟಿಗೈಯ ಆ ರೋಗಿಷ್ಠನ ಮೇಲೆ ಸಿಟ್ಟು ಬಹಳ ಹೊತ್ತು ನಿಲ್ಲಲಿಲ್ಲ.

1805ರ ಅಕ್ಟೋಬರ್ 21ರಂದು ಟ್ರಫಾಲ್ಗರಿನಲ್ಲಿ ವಿಕ್ಟರಿಯೂ ಸೇರಿ ಅವನ 27 ಹಡಗುಗಳು 33 ಹಡಗುಗಳನ್ನು ಇದಿರಿಸಿದುವು. ನಡುಹಗಲು ದಾಟಿದ ಮೇಲೆ ಗುಂಡು ತಗಲಿತು. ಗೆಲುವಿನ ವಾರ್ತೆ ಕೇಳಿ ಸಂಜೆಯೊಳಗೆ ತೀರಿಕೊಂಡನು. ದೇಹ ಕೆಡದಿರಲೆಂದು ಬ್ರಾಂದಿಯ ಪೀಪಾಯಿಯಲ್ಲಿಟ್ಟು ತಂದರು.

ಅವನನ್ನು ಹೂಳಿದ ಪೆಟ್ಟಿಗೆಯದೊಂದು ಕಥೆ. ನೈಲ್ ಕದನದ ತರುವಾಯ ಗೆಳೆಯನಾದ ಕಪ್ತಾನನೊಬ್ಬನು ಲೋರಿಯಾಂ ಹಡಗಿನ ಮುರಿದ ಕೂವೆಮರದಿಂದ ಅದನ್ನು ಮಾಡಿಸಿ ಕೊಟ್ಟಿದ್ದನು. ನೆಲ್ಸನ್ ಅದನ್ನು ಕೆಲಕಾಲ ತನ್ನ ಕೋಣೆಯಲ್ಲೇ ಇಟ್ಟುಕೊಂಡಿದ್ದನು. ಲಂಡನ್ನಿನ ಸಂತ ಪಾಲರ ಚರ್ಚಿನಲ್ಲಿ 1806ರ ಜನವರಿಯಿಂದ ಅವನು ಮಲಗಿರುವುದು ಆ ಫ್ರೆಂಚ್ ಮರದೊಳಗೆ.