ದೇಹದೊಳಗಿನ ಹರಿವನ್ನು ತೋರಿಸಿಕೊಟ್ಟ ರುಡಾಲ್ಫ್ ಶೋನ್‌ಹೈಮರ್

ರಕ್ತದಲ್ಲಿ ಕೀಟೋನ್ ಎಷ್ಟಿದೆ ಎಂದು ತಿಳಿಯಲು ಇಂದು ಒಂದು ಹನಿ ರಕ್ತ ಸಾಕು. ಆದರೆ ಲಿವರ್ ಗಂಟೆಗೆ ಎಷ್ಟು ಕೀಟೋನ್ ತಯಾರಿಸುತ್ತಿದೆ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಪ್ರಮಾಣ ಏರಿದ್ದರೆ ಉತ್ಪಾದನೆ ಹೆಚ್ಚಿರಬಹುದು, ಇಲ್ಲವೇ ಮೆದುಳು, ಹೃದಯ, ಸ್ನಾಯುಗಳ ಬಳಕೆ ತಗ್ಗಿರಬಹುದು. ಇವೆರಡನ್ನೂ ಬೇರ್ಪಡಿಸಿ ನೋಡುವ ದಾರಿ ತೆರೆದವರಲ್ಲಿ ಮೊದಲಿಗರು ರುಡಾಲ್ಫ್ ಶೋನ್‌ಹೈಮರ್.

1898ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಅವರು ವೈದ್ಯಕೀಯ ಓದಿ, ಫ್ರೈಬರ್ಗ್‌ನಲ್ಲಿ ಕೊಲೆಸ್ಟರಾಲ್ ಕುರಿತು ಸಂಶೋಧನೆ ನಡೆಸುತ್ತಿದ್ದರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಯಹೂದಿಯಾದ ಅವರಿಗೆ ಅಲ್ಲಿ ಜಾಗವಿಲ್ಲದಾಯಿತು. ಅವರು ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿಯೇ ಹೆರಾಲ್ಡ್ ಯೂರಿ 1931ರಲ್ಲಿ ಭಾರವಾದ ಹೈಡ್ರೋಜನ್, ಅಂದರೆ ಡ್ಯೂಟೀರಿಯಂ ಎಂಬ ಐಸೊಟೋಪನ್ನು ಕಂಡುಹಿಡಿದಿದ್ದರು. ಯೂರಿಯವರ ಪ್ರಯೋಗಾಲಯದಿಂದ ಬಂದ ಡೇವಿಡ್ ರಿಟನ್‌ಬರ್ಗ್ ಶೋನ್‌ಹೈಮರ್‌ಗೆ ಜೊತೆಯಾದರು. ದೇಶ ಬಿಡಬೇಕಾಗಿ ಬಂದದ್ದೇ ಅವರನ್ನು ಸರಿಯಾದ ಜಾಗಕ್ಕೆ ತಲುಪಿಸಿತು ಎನ್ನಬಹುದೇನೋ; ಆದರೆ ಆ ನೋವನ್ನು ಲಾಭವೆಂದು ಲೆಕ್ಕ ಹಾಕಲು ಮನಸ್ಸು ಒಪ್ಪುವುದಿಲ್ಲ.

ಡ್ಯೂಟೀರಿಯಂ ಸೇರಿಸಿದ ಕೊಬ್ಬನ್ನು ಅವರು ಇಲಿಗಳಿಗೆ ಅಲ್ಪ ಪ್ರಮಾಣದಲ್ಲಿ ತಿನ್ನಿಸಿದರು. ಊಟದ ಕೊಬ್ಬು ಒಲೆಯ ಸೌದೆಯಂತೆ ಆಗಲೇ ಉರಿದುಹೋಗುತ್ತದೆ, ದೇಹದಲ್ಲಿ ಶೇಖರವಾದ ಕೊಬ್ಬು ಕಷ್ಟಕಾಲಕ್ಕೆಂದು ಸುಮ್ಮನೆ ಬಿದ್ದಿರುತ್ತದೆ ಎಂಬುದು ಅಂದಿನ ನಂಬಿಕೆ. ಆದರೆ ಗುರುತು ಹಾಕಿದ ಕೊಬ್ಬಿನ ಬಹುಪಾಲು ಸಿಕ್ಕಿದ್ದು ಶೇಖರದಲ್ಲೇ. ಹೊಸದು ಒಳಗೆ ಬರುತ್ತಿದೆ, ಹಳೆಯದು ಹೊರಗೆ ಹೋಗುತ್ತಿದೆ, ತೂಕ ಮಾತ್ರ ಹಾಗೇ ಇದೆ. ಮುಂದೆ ಭಾರವಾದ ನೈಟ್ರೋಜನ್ ಬಳಸಿ, ಪ್ರೋಟೀನಿನಲ್ಲೂ ಇದೇ ನಡೆಯುತ್ತದೆಂದು ತೋರಿಸಿದರು.

ಕೀಟೋನ್ ಉತ್ಪಾದನೆಯ ವೇಗ ಅಳೆಯುವ ಕೆಲಸವನ್ನು ನಂತರದವರು ಮಾಡಿದರು. ಪುಣೆಯ ಕಾತ್ರಜದಿಂದ ಅದನ್ನು ವಿವರಿಸುವುದು ಸುಲಭ. ನಾನಾಸಾಹೇಬ ಪೇಶ್ವೆಯ ಕಾಲದಲ್ಲಿ ಕಾತ್ರಜ ಕೆರೆಯಿಂದ ಶನಿವಾರವಾಡದ ಕಡೆಗೆ ನೆಲದಡಿಯ ಕಾಲುವೆಯಲ್ಲಿ ನೀರು ಹರಿಸಿದ್ದರು. ಅಂಥ ಮುಚ್ಚಿದ ಕಾಲುವೆಯಲ್ಲಿ ನಿಮಿಷಕ್ಕೆ ಎಷ್ಟು ನೀರು ಹರಿಯುತ್ತದೆ? ನಿಮಿಷಕ್ಕೆ ಒಂದು ಚೊಂಬು ಬಣ್ಣದ ನೀರನ್ನು ಬಿಡದೆ ಸುರಿಯುತ್ತಾ ಹೋಗಿ, ಕೆಳಗಡೆ ನೀರನ್ನು ಪರೀಕ್ಷಿಸಿ. ನೂರರಲ್ಲಿ ಒಂದು ಪಾಲು ಬಣ್ಣದ ನೀರಿದ್ದರೆ, ಹರಿವು ಸುಮಾರು ನೂರು ಚೊಂಬು. ಕಾಲುವೆ ಅಗೆಯಬೇಕಿಲ್ಲ.

ಕೀಟೋನಿಗೂ ಇದೇ ಲೆಕ್ಕ. ಕಾರ್ಬನ್-13 ಇರುವ ಕೀಟೋನನ್ನು ರಕ್ತನಾಳಕ್ಕೆ ಒಂದೇ ವೇಗದಲ್ಲಿ ಹರಿಸಿ, ಅದು ಎಷ್ಟು ತೆಳುವಾಗಿದೆ ಎಂದು ಅಳೆದರೆ ದೇಹದ ಉತ್ಪಾದನೆ ತಿಳಿಯುತ್ತದೆ. ಕಾರ್ಬನ್-13 ವಿಕಿರಣ ಸೂಸುವುದಿಲ್ಲ. ತೊಡಕು ಒಂದಿದೆ: ಮುಖ್ಯವಾದ ಎರಡು ಕೀಟೋನ್‌ಗಳು, ಅಸಿಟೋಅಸಿಟೇಟ್ ಮತ್ತು ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್, ಒಂದರಿಂದ ಇನ್ನೊಂದಾಗಿ ಬದಲಾಗುತ್ತಲೇ ಇರುತ್ತವೆ. ಗುರುತೂ ಜೊತೆಗೆ ಅತ್ತಿತ್ತ ಹೋಗುವುದರಿಂದ ಎರಡನ್ನೂ ಅಳೆಯಬೇಕು.

1941ರ ಸೆಪ್ಟೆಂಬರ್‌ನಲ್ಲಿ, 43ನೇ ವಯಸ್ಸಿಗೇ ಶೋನ್‌ಹೈಮರ್ ತೀರಿಕೊಂಡರು. ಖಿನ್ನತೆ ಅವರನ್ನು ಬಹಳ ಕಾಲ ಕಾಡಿತ್ತು. ದೇಹದ ಅಂಶಗಳ ನಿರಂತರ ಬದಲಾವಣೆ ಕುರಿತ ಅವರ ಪುಸ್ತಕ 1942ರಲ್ಲಿ ಹೊರಬಂತು.

ಈ ಐಸೊಟೋಪ್ ಅಳತೆ ಇಂದಿಗೂ ಸಂಶೋಧನೆಯ ಸಾಧನ; ಊರಿನ ಲ್ಯಾಬ್‌ನಲ್ಲಿ ಕೇಳಿ ಮಾಡಿಸುವಂಥದ್ದಲ್ಲ. ಮಧುಮೇಹಿಗಳಲ್ಲಿ ಇನ್ಸುಲಿನ್ ಕೊರತೆಯಾದಾಗ ಲಿವರ್ ಹೆಚ್ಚು ಕೀಟೋನ್ ತಯಾರಿಸುತ್ತದೆ, ಅಷ್ಟನ್ನೂ ಬಳಸಿ ಮುಗಿಸಲು ದೇಹಕ್ಕೆ ಆಗುವುದಿಲ್ಲ. ಅಂಥವರಿಗೆ ಕೀಟೋನ್ ಏರಿಕೆಯ ಜೊತೆ ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.